ಬಿಸಿಲ ಸೀಮೆಯಲ್ಲಿ ಕಾರಿನ ಟಯರ್ ಬದಲಿಸುವ ಮುನ್ನ

ಕಾರು ಕೊಳ್ಳುವುದೆಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಸೇರಿ ಆರು ತಿಂಗಳು ಚರ್ಚಿಸುವ ವಿಷಯ. ಬಣ್ಣ ಯಾವುದು, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ, ಸಾಲ ಎಷ್ಟು ವರ್ಷದ್ದು, ಪೂಜೆಗೆ ಗಾಣಗಾಪುರವೋ ಕಲಬುರಗಿ ಶರಣಬಸವೇಶ್ವರ ಗುಡಿಯೋ, ಒಂದೂ ಬಿಡುವುದಿಲ್ಲ. ಅದೇ ಕಾರಿನ ಟಯರ್ ಸವೆದಾಗ ಮಾತ್ರ ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಂಗಡಿಯವನು ಒಂದು ಕಂಪನಿಯ ಹೆಸರು ಹೇಳುತ್ತಾನೆ, ನಾವು ಬೆಲೆ ಕೇಳುತ್ತೇವೆ, ಇನ್ನೂರು ರೂಪಾಯಿ ಕಡಿಮೆ ಮಾಡಿಸುತ್ತೇವೆ, ಚಹಾ ಕುಡಿದು ಬರುತ್ತೇವೆ.

ಆದರೆ ವಿಚಾರ ಮಾಡಿ. ಇಡೀ ಕಾರು, ಅದರೊಳಗಿನ ಐದು ಜೀವ, ಡಿಕ್ಕಿಯಲ್ಲಿರುವ ತೊಗರಿ ಬೇಳೆಯ ಚೀಲ, ಇಷ್ಟೆಲ್ಲ ಭಾರ ನೆಲಕ್ಕೆ ತಾಗುವುದು ನಾಲ್ಕೇ ನಾಲ್ಕು ಕಡೆ. ಒಂದೊಂದು ಕಡೆಯೂ ಹೆಚ್ಚು ಕಡಿಮೆ ಒಂದು ಅಂಗೈ ಅಗಲ. ಬ್ರೇಕು ಎಷ್ಟೇ ಗಟ್ಟಿ ಇರಲಿ, ಗಾಳಿಚೀಲಗಳು ಎಷ್ಟೇ ಇರಲಿ, ಕಾರು ನಿಲ್ಲುವುದೂ ತಿರುಗುವುದೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರಸ್ತೆಗಳ ಮೇಲೆ ಓಡುವ ಟಯರಿನ ಪಾಡು ಮೈಸೂರು, ಮಡಿಕೇರಿಯ ಟಯರಿನ ಪಾಡಿಗಿಂತ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ನೆರಳಿನಲ್ಲೇ 42, 43 ಡಿಗ್ರಿ ಮುಟ್ಟುತ್ತದೆ. ಡಾಂಬರಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. (ಸರ್ಕಾರವೇ ಈ ಭಾಗದ ಕಚೇರಿಗಳ ವೇಳೆಯನ್ನು ಬೇಸಿಗೆಯಲ್ಲಿ ಮುಂಜಾನೆಗೆ ಬದಲಿಸುತ್ತದೆ. ಟಯರಿಗೆ ಆ ಭಾಗ್ಯ ಇಲ್ಲ.) ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿದರೆ ಬಳ್ಳಾರಿ ಜಾಲಿಯ ಮುಳ್ಳು, ಚೂಪು ಜಲ್ಲಿ. ಮಳೆ ಬಿದ್ದರೆ ಎರೆಮಣ್ಣು ಟಯರಿನ ಗೆರೆಗಳಲ್ಲಿ ತುಂಬಿ, ಹೊಸ ಟಯರನ್ನೂ ಬೋಳು ಟಯರ್ ಮಾಡಿಬಿಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳು ರಸ್ತೆಯ ಅಂಚನ್ನು ಕಿತ್ತು ಬಿಟ್ಟ ಜಾಗದಲ್ಲಿ ಟಯರಿನ ಪಕ್ಕೆಗೆ ಬೀಳುವ ಏಟು ಬೇರೆ.

ಇವುಗಳಲ್ಲಿ ಮೊದಲ ವೈರಿ ಶಾಖ. ಅದರ ಲೆಕ್ಕವನ್ನು ಮೊದಲು ನೋಡೋಣ.

ರಬ್ಬರು ಏಕೆ ಕಾಯುತ್ತದೆ?

ಒಂದು ಅಗಲವಾದ ರಬ್ಬರ್ ಬ್ಯಾಂಡ್ ತೆಗೆದುಕೊಂಡು ಜೋರಾಗಿ ಎಳೆದು, ತಕ್ಷಣ ತುಟಿಗೆ ತಾಗಿಸಿ ನೋಡಿ. ಬೆಚ್ಚಗಿರುತ್ತದೆ. ಸಡಿಲ ಬಿಟ್ಟರೆ ಮತ್ತೆ ತಣ್ಣಗಾಗುತ್ತದೆ. ಆದರೆ ಎಳೆದಾಗ ಬಂದ ಶಾಖವೆಲ್ಲ ಬಿಟ್ಟಾಗ ಹಿಂದಕ್ಕೆ ಹೋಗುವುದಿಲ್ಲ, ಸ್ವಲ್ಪ ಒಳಗೇ ಉಳಿಯುತ್ತದೆ. ಒಂಬತ್ತನೇ ತರಗತಿಯ ಹುಡುಗರಿಗೆ ನಾನು ಪ್ರತಿ ವರ್ಷ ತೋರಿಸುವ ಪ್ರಯೋಗ ಇದು, ಖರ್ಚಿಲ್ಲದ್ದು. ಟಯರಿನಲ್ಲಿ ನಡೆಯುವುದೂ ಇದೇ. ನೆಲಕ್ಕೆ ತಾಗುವ ಕಡೆ ಅದರ ಪಕ್ಕೆ ಬಾಗುತ್ತದೆ, ಮೇಲೆ ಹೋದಾಗ ನೆಟ್ಟಗಾಗುತ್ತದೆ.

ಎಷ್ಟು ಸಲ ಬಾಗುತ್ತದೆ? ಸ್ವಿಫ್ಟ್, ಡಿಜೈರ್ ಕಾರುಗಳ ಹಲವು ಮಾದರಿಗಳಲ್ಲಿ ಬರುವ 165/80 ಆರ್ 14 ಅಳತೆಯ ಟಯರಿನ ಸುತ್ತಳತೆ ಸುಮಾರು 1.95 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ 514 ಸುತ್ತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಸಲಕ್ಕಿಂತ ಹೆಚ್ಚು. ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ. ಹೋಗಿ ಮುಟ್ಟುವಷ್ಟರಲ್ಲಿ ಟಯರಿನ ಪ್ರತಿ ಭಾಗವೂ 20,000ಕ್ಕೂ ಹೆಚ್ಚು ಸಲ ಬಾಗಿ ಎದ್ದಿರುತ್ತದೆ. ಗಾಳಿ ಕಡಿಮೆ ಇದ್ದರೆ ಒಂದೊಂದು ಸಲವೂ ಹೆಚ್ಚು ಬಾಗಬೇಕು, ಹೆಚ್ಚು ಕಾಯಬೇಕು. ಕೆಳಗೆ ಕಾದ ಡಾಂಬರು, ಮೇಲೆ ಬಿಸಿಗಾಳಿ. ಒಳಗಿನ ಶಾಖ ಹೊರಗೆ ಹೋಗಲು ದಾರಿಯೇ ಇಲ್ಲ. ಕೊನೆಗೆ ರಬ್ಬರಿಗೂ ಒಳಗಿನ ಉಕ್ಕಿನ ತಂತಿ ಮತ್ತು ದಾರದ ಪದರಕ್ಕೂ ಇರುವ ಬೆಸುಗೆ ಬಿಡುತ್ತದೆ. ನಾವು 'ಟಯರ್ ಬಸ್ಟ್ ಆಯಿತು' ಎನ್ನುತ್ತೇವೆ.

ಆದ್ದರಿಂದ ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು ಎಂಬ ಮಾತು ಪೂರ್ತಿ ತಪ್ಪು. ನಮ್ಮ ಕಡೆ ಅನೇಕರು ಇದನ್ನು ನಂಬಿದ್ದಾರೆ, ಪಂಕ್ಚರ್ ಅಂಗಡಿಯವರೂ ಕೆಲವರು ನಂಬಿದ್ದಾರೆ. ಬೆಳಿಗ್ಗೆ 30 ಡಿಗ್ರಿಯಲ್ಲಿ 33 ಪಿ.ಎಸ್.ಐ. ತುಂಬಿದ ಟಯರು ಓಡಿ 60 ಡಿಗ್ರಿಗೆ ಕಾದರೆ ಮೀಟರು 37, 38 ತೋರಿಸುತ್ತದೆ. ಅನಿಲ ಕಾದರೆ ಒತ್ತಡ ಏರುವುದು ನಿಯಮ. ಟಯರು ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿದೇ ಮಾಡಿರುತ್ತಾರೆ. ಆ ಏರಿಕೆಗೆ ಹೆದರಿ ಬಿಸಿ ಇರುವಾಗಲೇ ಗಾಳಿ ಬಿಟ್ಟು 33ಕ್ಕೆ ಇಳಿಸಿದಿರೋ, ಮರುದಿನ ಬೆಳಿಗ್ಗೆ ಅದು ಸುಮಾರು 29ಕ್ಕೆ ಬಂದಿರುತ್ತದೆ. ಹೀಗೆ ಎರಡು ಸಲ ಮಾಡಿದರೆ ಶಾಖಕ್ಕೆ ನಾವೇ ಕರೆದು ಮಣೆ ಹಾಕಿದಂತೆ. ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಗಾಳಿಯ ಪ್ರಮಾಣ ಇರುತ್ತದೆ. ಅದು ತಣ್ಣಗಿರುವ ಟಯರಿನ ಲೆಕ್ಕ.

ಟಯರಿನ ಜಾತಕ

ಟಯರಿನ ಪಕ್ಕೆಯ ಮೇಲೆ ಉಬ್ಬು ಅಕ್ಷರಗಳಲ್ಲಿ ಅದರ ಜಾತಕವೇ ಬರೆದಿರುತ್ತದೆ. 165/80 ಆರ್ 14 85 ಟಿ ಎಂದು ಇದೆ ಎನ್ನಿ. 165 ಎಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕೆಯ ಎತ್ತರ, ಅಗಲದ ಶೇಕಡ 80, ಅಂದರೆ 132 ಮಿ.ಮೀ. ಆರ್ ಎಂದರೆ ರೇಡಿಯಲ್. 14 ಎಂಬುದು ಡಿಸ್ಕಿನ ವ್ಯಾಸ, ಇಂಚಿನಲ್ಲಿ. (ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡ, ಇಂಚು ಮೂರೂ ಕೂಡಿಸಿದವರು ಯಾರೋ, ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನು ಅಂಕ ಕೊಡುತ್ತಿರಲಿಲ್ಲ!)

ಮುಂದಿನ 85 ಮತ್ತು ಟಿ ಇವುಗಳನ್ನು ಯಾರೂ ನೋಡುವುದೇ ಇಲ್ಲ. 85 ಎಂಬುದು ಭಾರದ ಸೂಚ್ಯಂಕ, ಕಿಲೋ ಅಲ್ಲ. ಪಟ್ಟಿಯ ಪ್ರಕಾರ 85 ಎಂದರೆ ಒಂದು ಟಯರು 515 ಕಿಲೋ ಹೊರಬಲ್ಲುದು. 82 ಇದ್ದರೆ 475 ಕಿಲೋ. ಮೂರು ಅಂಕಿಯ ವ್ಯತ್ಯಾಸ, ನಾಲ್ಕು ಟಯರಿಗೆ ಕೂಡಿಸಿದರೆ 160 ಕಿಲೋ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟ ಕಾರುಗಳನ್ನು ನೋಡಿ: ಐವರು ಕೂಡುವ ಜಾಗದಲ್ಲಿ ಎಂಟು ಮಂದಿ, ಮೇಲೆ ಕ್ಯಾರಿಯರಿನಲ್ಲಿ ಗಂಟು, ಡಿಕ್ಕಿಯಲ್ಲಿ ಬುತ್ತಿ. ಆ ಭಾರವೆಲ್ಲ ಹೆಚ್ಚಾಗಿ ಬೀಳುವುದು ಹಿಂದಿನ ಎರಡು ಟಯರುಗಳ ಮೇಲೆ. ಕಾರಿನ ಪುಸ್ತಕದಲ್ಲಿ ಹೇಳಿದ ಸೂಚ್ಯಂಕಕ್ಕಿಂತ ಕಡಿಮೆಯ ಟಯರನ್ನು, ಬೆಲೆ ಎಷ್ಟೇ ಅಗ್ಗವಾಗಿರಲಿ, ತರಬೇಡಿ. ಕೊನೆಯ ಅಕ್ಷರ ವೇಗದ ಮಿತಿ. ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ ಎಂದರೆ 190, ಹೆಚ್ ಎಂದರೆ 210. ನಾವು ಯಾರು ಆ ವೇಗದಲ್ಲಿ ಹೋಗುತ್ತೇವೆ ಎನ್ನಬಹುದು. ಹೋಗಬೇಕಾಗಿಲ್ಲ, ಆ ವೇಗದ ಶಾಖವನ್ನು ತಡೆದ ಟಯರು ಎಂಬುದಷ್ಟೇ ನಮಗೆ ಮುಖ್ಯ. ಕೆಲವು ಟಯರುಗಳ ಮೇಲೆ ಶಾಖ ತಡೆಯುವ ಶಕ್ತಿಗೆ ಎ, ಬಿ, ಸಿ ಎಂಬ ದರ್ಜೆಯನ್ನೂ ಬೇರೆಯಾಗಿ ಅಚ್ಚು ಹಾಕಿರುತ್ತಾರೆ. ಎ ಶ್ರೇಷ್ಠ. ನಮ್ಮ ಬಿಸಿಲಿಗೆ ಇದನ್ನು ಹುಡುಕಿ ನೋಡುವುದು ಒಳ್ಳೆಯದು.

ಐ.ಎಸ್.ಐ. ಗುರುತಂತೂ ಇರಲೇಬೇಕು. 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ಕೇಂದ್ರ ಸರ್ಕಾರ ಟಯರುಗಳಿಗೆ ಅದನ್ನು ಕಡ್ಡಾಯ ಮಾಡಿದೆ.

ಹುಟ್ಟಿದ ದಿನ

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಒಂದು ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಅಡಗಿ ಕುಳಿತಿರುವ ನಾಲ್ಕು ಅಂಕಿ. 2215 ಎಂದರೆ 2015ನೇ ಇಸವಿಯ 22ನೇ ವಾರ ತಯಾರಾದದ್ದು, ಅಂದರೆ ಮೇ ತಿಂಗಳ ಕೊನೆ.

ಈ ಅಂಕಿಯನ್ನು ಸುಮ್ಮನೆ ಉದಾಹರಣೆಗೆ ಹೇಳಿದ್ದಲ್ಲ. ಅಫಜಲಪುರದಲ್ಲಿರುವ ನನ್ನ ಸಹೋದ್ಯೋಗಿ ಮಿತ್ರರೊಬ್ಬರು 2024ರ ಬೇಸಿಗೆಯಲ್ಲಿ ಒಂಬತ್ತು ವರ್ಷದ ಹಳೆಯ ಕಾರೊಂದನ್ನು ಕೊಂಡರು. ಮೊದಲಿನ ಒಡೆಯರು ಮನೆಯ ಮುಂದೆ ನಿಲ್ಲಿಸಿಟ್ಟದ್ದೇ ಹೆಚ್ಚು. ಮೀಟರಿನಲ್ಲಿ ಬರೀ 30,000 ಕಿ.ಮೀ. ಚಿಲ್ಲರೆ. ಟಯರಿನ ಗೆರೆಗಳು ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ಮಿತ್ರರ ಮಗಳು ಸೊಲ್ಲಾಪುರದಲ್ಲಿ, ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿಗೆ ಕರೆತರಬೇಕು, ಬಸ್ಸಿನ ಕುಲುಕಾಟ ಬೇಡ ಎಂದೇ ಈ ಕಾರು. ಹೊರಡುವ ಮೊದಲು ಗಾಳಿ ಹಿಡಿಸಲು ಹೋದಾಗ ನಾನೂ ಜೊತೆಗಿದ್ದೆ.

ಪಂಕ್ಚರ್ ಅಂಗಡಿಯ ಹುಡುಗ ಗಾಳಿ ಹಿಡಿಯುವುದನ್ನು ಬಿಟ್ಟು ಟಯರಿನ ಪಕ್ಕೆಯ ಮೇಲೆ ಹೆಬ್ಬೆರಳು ಒತ್ತಿದ. "ಸರ, ಎಲ್ಲಿಗಿ ಹೊಂಟೀರಿ?"

"ಸೊಲ್ಲಾಪುರಕ್ಕ. ಯಾಕೋ?"

"ಗ್ರಿಪ್ ಇನ್ನಾ ಅದ, ಖರೆ. ಆದ್ರ ಇದು ಹುಟ್ಟಿದ್ದು ಯಾವಾಗ ನೋಡ್ರಿ. ರಬ್ಬರ್ ಒಣಗಿ ಕಟ್ಟಿಗಿ ಆಗ್ಯಾದ. ಊರಾಗ ತಿರಗಾಡ್ರಿ, ಬ್ಯಾಡ ಅನ್ನಂಗಿಲ್ಲ. ಬಸರಿ ಹೆಣಮಗಳಿಗಿ ಕೂಡ್ರಿಸ್ಕೊಂಡು ಈ ಬಿಸಲಾಗ ಹೋಗಬ್ಯಾಡ್ರಿ."

ಎಸ್ಸೆಸ್ಸೆಲ್ಸಿ ದಾಟಿರದ ಹುಡುಗ. ಮಿತ್ರರಿಗೆ ಸಂಕಟ. ಕಾರಿಗೇ ಕೈಯಲ್ಲಿದ್ದ ಹಣ ಮುಗಿದಿತ್ತು, ಗೆರೆ ಇರುವ ಟಯರನ್ನು ಬಿಸಾಡುವುದೆಂದರೆ ಹೊಟ್ಟೆ ಉರಿಯುವ ವಿಷಯ. ಮುಂದಿನ ಎರಡು ಮಾತ್ರ ಬದಲಿಸಿದರೆ ಹೇಗೆ ಎಂದರು. ಕೊನೆಗೆ ಪತ್ತಿನ ಸಂಘದಿಂದ ಸಾಲ ತೆಗೆದು ನಾಲ್ಕನ್ನೂ ಹಾಕಿಸಿದರು. ಹಳೆಯ ಟಯರುಗಳನ್ನು ಕಳಚಿದಾಗ ಕಂಡದ್ದೇನು? ಕಾರಿನ ಅಡಿಗೆ ಮುಖ ಮಾಡಿದ್ದ, ನಾವು ಎಂದೂ ನೋಡದ ಪಕ್ಕೆಯಲ್ಲಿ, ಬೇಸಿಗೆಯ ಹೊಲದಂತೆ ಬಿರುಕು; ಎರಡರಲ್ಲಿ ಉಗುರು ಇಳಿಯುವಷ್ಟು ಆಳ.

ರಬ್ಬರು ಓಡಿದರಷ್ಟೇ ಮುದಿಯಾಗುತ್ತದೆ ಎಂದು ತಿಳಿಯಬಾರದು. ಗಾಳಿಯ ಆಮ್ಲಜನಕ, ಓಜೋನ್, ಬಿಸಿಲಿನ ಅತಿನೇರಳೆ ಕಿರಣ ಇವು ಮೂರೂ ಅದರ ಉದ್ದನೆಯ ಅಣುಸರಪಳಿಗಳನ್ನು ಕಡಿಯುತ್ತಲೇ ಇರುತ್ತವೆ. ರಬ್ಬರಿಗೆ ಬೆರೆಸುವ ಇಂಗಾಲದ ಪುಡಿ (ಟಯರು ಕಪ್ಪಗಿರುವುದು ಅದರಿಂದಲೇ) ಮತ್ತು ಮೇಣದಂಥ ರಕ್ಷಕ ವಸ್ತುಗಳು ಇದನ್ನು ತಡೆಯುತ್ತವೆ, ಆದರೆ ಶಾಶ್ವತವಾಗಿ ಅಲ್ಲ. ಓಡಾಡುವ ಟಯರಿನಲ್ಲಿ ಆ ರಕ್ಷಕಗಳು ಮೇಲ್ಮೈಗೆ ಬರುತ್ತಿರುತ್ತವೆ; ನಿಂತಲ್ಲೇ ನಿಂತ ಕಾರಿನ ಟಯರು ಬೇಗ ಒಡೆಯುವುದಕ್ಕೆ ಇದೂ ಕಾರಣ. ಐದು ವರ್ಷ ದಾಟಿದ ಟಯರನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷ ಆದ ಮೇಲೆ ಹೇಗೇ ಕಾಣಲಿ ತೆಗೆಯಬೇಕು ಎಂಬುದು ಕೆಲವು ದೊಡ್ಡ ತಯಾರಕರ ಸಲಹೆ. ನೆರಳಿಲ್ಲದ ಅಂಗಳದಲ್ಲಿ ನಿಲ್ಲುವ ನಮ್ಮ ಕಾರುಗಳಿಗೆ ಆರು ವರ್ಷವೇ ಸಾಕು ಎಂಬುದು ನನ್ನ ಅಭಿಪ್ರಾಯ. ಹೊಸದನ್ನು ಕೊಳ್ಳುವಾಗಲೂ ಅಂಗಡಿಯವರ ಮುಖ ನೋಡದೆ ಆ ನಾಲ್ಕು ಅಂಕಿ ನೋಡಿ. ಒಂದು ವರ್ಷದೊಳಗಿನದಾದರೆ ಚಿಂತೆ ಇಲ್ಲ. ತಾಲ್ಲೂಕು ಊರುಗಳ ಅಂಗಡಿಯಲ್ಲಿ ಹೆಚ್ಚು ಖರ್ಚಾಗದ ಅಳತೆಗಳು ಎರಡು, ಮೂರು ವರ್ಷ ಅಟ್ಟದ ಮೇಲೆ ಕುಳಿತಿರುವುದುಂಟು.

ಸವೆತ ಅಳೆಯುವುದು

ಟಯರಿನ ಅಗಲ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಅವುಗಳ ಎತ್ತರ 1.6 ಮಿ.ಮೀ. ಮೇಲಿನ ರಬ್ಬರು ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟಯರಿನ ಆಯುಷ್ಯ ಕಾನೂನಿನ ಪ್ರಕಾರವೇ ಮುಗಿಯಿತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಾರಿಗೆ ಇದೇ ಮಿತಿ. ಆದರೆ ಮಳೆಗಾಲದ ಲೆಕ್ಕ ಬೇರೆ. ಗೆರೆಗಳಿರುವುದು ನೆಲವನ್ನು ಹಿಡಿಯಲಿಕ್ಕಲ್ಲ, ನೀರನ್ನು ಹೊರಗೆ ಹಾಕಲಿಕ್ಕೆ. ಗೆರೆ ಆಳವಿಲ್ಲದಿದ್ದರೆ ಟಯರು ನೀರಿನ ಪದರದ ಮೇಲೆ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಆದ್ದರಿಂದ ಮಕ್ಕಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯಿಂದ ನೋಡಿ, ಮೂರು ಮಿ.ಮೀ.ಗೆ ಬಂದಾಗಲೇ ಹಣ ಕೂಡಿಸತೊಡಗುವುದು ಲೇಸು.

ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಅತಿ. ಒಂದೇ ಅಂಚು ಸವೆದಿದ್ದರೆ ಗಾಲಿ ಓರೆಯಾಗಿದೆ. ಅಲೈನ್‌ಮೆಂಟ್ ಸರಿ ಮಾಡಿಸದೆ ಹೊಸ ಟಯರ್ ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಪಕ್ಕೆಯಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ದಾರ ಹರಿದಿದೆ ಎಂದರ್ಥ. ಅದಕ್ಕೆ ಔಷಧಿ ಇಲ್ಲ.

ಯಾವ ಕಂಪನಿ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನಾನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಅಳತೆ, ಭಾರ, ವೇಗ, ಹುಟ್ಟಿದ ವಾರ ಇವು ನಾಲ್ಕು ಸರಿ ಇದ್ದರೆ ಹೆಸರಾಂತ ಕಂಪನಿಗಳ ನಡುವಿನ ವ್ಯತ್ಯಾಸ ನಮ್ಮ ನಿಮ್ಮಂಥವರಿಗೆ ಅಷ್ಟೇನೂ ದೊಡ್ಡದಲ್ಲ. 2022ರಲ್ಲಿ ನಿಯಮಗಳಿಗೆ ತಿದ್ದುಪಡಿ ತಂದು ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ ಮತ್ತು ಸದ್ದು ಇವುಗಳಿಗೂ ಮಟ್ಟ ಗೊತ್ತುಪಡಿಸಿದ್ದಾರೆ.

ಹೆಸರುಗಳ ಹಿಂದಿನ ಕಥೆಗಳು ಮಾತ್ರ ಸ್ವಾರಸ್ಯವಾಗಿವೆ. 1839ರಲ್ಲಿ ಗಂಧಕದೊಂದಿಗೆ ರಬ್ಬರನ್ನು ಕಾಯಿಸಿ ಗಟ್ಟಿ ಮಾಡುವ ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಟಯರ್ ಕಂಪನಿ ಕಟ್ಟಿದವನಲ್ಲ. ಅವನು ಸತ್ತು 38 ವರ್ಷಗಳ ನಂತರ ಬೇರೆಯವರು ಗೌರವಕ್ಕೆಂದು ಅವನ ಹೆಸರಿಟ್ಟುಕೊಂಡರು. 1888ರಲ್ಲಿ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಗಾಳಿ ತುಂಬಿದ ಟಯರ್ ಮಾಡಿದ ಡನ್ಲಪ್ ದನದ ಡಾಕ್ಟರು. ನಮ್ಮ ರಾಜ್ಯದ್ದೇ ಆದ ಮೈಸೂರಿನ ವಿಕ್ರಾಂತ್ ಟಯರ್ಸ್ 1997ರಲ್ಲಿ ಜೆ.ಕೆ. ಸಮೂಹದ ಕೈ ಸೇರಿತು. ಇತ್ತ ಹುಮನಾಬಾದ್ ದಾಟಿ ಹೈದರಾಬಾದಿಗೆ ಹೋಗುವವರು ದಾರಿಯಲ್ಲಿ ಸಿಗುವ ಸದಾಶಿವಪೇಟೆಯಲ್ಲಿ ಎಂ.ಆರ್.ಎಫ್. ಕಾರ್ಖಾನೆಯನ್ನು ನೋಡಿರಬಹುದು.

ಅಗಲ ಟಯರಿನ ಹುಚ್ಚು ಹುಡುಗರಿಗೆ ಬಹಳ. 165/80ರ ಬದಲು 175/80 ಹಾಕಿಸಿದರೆ ವ್ಯಾಸ 620 ಮಿ.ಮೀ.ನಿಂದ 636ಕ್ಕೆ ಏರುತ್ತದೆ. ಮೀಟರು 80 ತೋರಿಸುವಾಗ ಮೊದಲಿಗಿಂತ ಎರಡು ಕಿ.ಮೀ. ಹೆಚ್ಚು ವೇಗದಲ್ಲಿರುತ್ತೀರಿ, ಇಂಧನವೂ ಹೆಚ್ಚು ಬೇಕು, ಒಳಗೆ ಉಜ್ಜಲೂಬಹುದು. ಅದೇ 15 ಇಂಚಿನ ಡಿಸ್ಕಿನ ಮೇಲೆ 185/65 ಹಾಕಿದರೆ ವ್ಯಾಸ 621.5, ಹೆಚ್ಚು ಕಡಿಮೆ ಮೊದಲಿನಷ್ಟೇ. ಕಂಪನಿಯವರು ಮೇಲಿನ ದರ್ಜೆಯ ಮಾದರಿಗೆ ಅದನ್ನು ಕೊಡುವುದು ಈ ಲೆಕ್ಕದಿಂದಲೇ. ಆದರೆ ಪಕ್ಕೆ ಗಿಡ್ಡವಾದಷ್ಟೂ ಗುಂಡಿಯ ಏಟು ಡಿಸ್ಕಿಗೆ ಬೀಳುತ್ತದೆ. ಹಳ್ಳಿದಾರಿ ಹೆಚ್ಚು ಇರುವವರಿಗೆ ಎತ್ತರದ ಪಕ್ಕೆಯೇ ವಾಸಿ. ನೋಟಕ್ಕೆ ಸ್ವಲ್ಪ ಕಡಿಮೆ, ಅಷ್ಟೆ.

ಎರಡೋ, ನಾಲ್ಕೋ?

ನಾಲ್ಕಕ್ಕೂ ಹಣವಿಲ್ಲದಿದ್ದರೆ ಒಂದೇ ಅಚ್ಚಿನ ಎರಡನ್ನು ಒಟ್ಟಿಗೆ ಬದಲಿಸಿ. ಆ ಹೊಸ ಎರಡನ್ನು ಎಲ್ಲಿ ಹಾಕಬೇಕು? ಮುಂದೆ ಎನ್ನುತ್ತಾರೆ ಹತ್ತರಲ್ಲಿ ಒಂಬತ್ತು ಮಂದಿ; ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನಲ್ಲವೆ? ಆದರೆ ಹಿಂದೆ ಹಾಕಬೇಕು. ಒದ್ದೆ ರಸ್ತೆಯಲ್ಲಿ ಮುಂದಿನ ಟಯರು ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲೇಟರ್ ಬಿಟ್ಟರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಹಿಂದಿನ ಟಯರು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಅದನ್ನು ಸರಿಪಡಿಸುವ ಚಾಲಕರು ನಮ್ಮಲ್ಲಿ ಎಷ್ಟು ಮಂದಿ? ಹಾಗೆಂದು ಮುಂದೆ ಬೋಳು ಟಯರ್ ಇಡಬಹುದು ಎಂದಲ್ಲ.

ಹಳೆಯ ಟಯರ್ ಮಾರುವವರ ಬಗ್ಗೆ ಎಚ್ಚರ. ಸವೆದ ಟಯರಿನಲ್ಲಿ ಬಿಸಿ ಕತ್ತಿಯಿಂದ ಮತ್ತೆ ಗೆರೆ ಕೊರೆದು, ಕಪ್ಪು ಪಾಲಿಶ್ ಹಚ್ಚಿ ಇಡುವುದುಂಟು. ಕೊರೆದ ಗೆರೆಯ ಕೆಳಗೆ ಉಕ್ಕಿನ ಪದರಕ್ಕೆ ರಬ್ಬರೇ ಉಳಿದಿರುವುದಿಲ್ಲ. ಗೆರೆಯ ತಳದ ದಿಬ್ಬಗಳು ಕಾಣದಿದ್ದರೆ, ಗೆರೆಯ ಅಂಚು ಒರಟಾಗಿದ್ದರೆ ಕೈಮುಗಿದು ಎದ್ದು ಬನ್ನಿ. ಅಗ್ಗ ಎನ್ನುವುದೂ ಭ್ರಮೆ. ಹೊಸ ಟಯರಿಗೆ 5000 ರೂಪಾಯಿ, ಅದು 40,000 ಕಿ.ಮೀ. ಬಾಳುತ್ತದೆ ಎಂದಿಟ್ಟುಕೊಳ್ಳಿ, ಕಿಲೋಮೀಟರಿಗೆ ಹನ್ನೆರಡೂವರೆ ಪೈಸೆ. ಹಳೆಯದು 2000ಕ್ಕೆ ಸಿಕ್ಕು 10,000 ಕಿ.ಮೀ. ಓಡಿದರೆ ಇಪ್ಪತ್ತು ಪೈಸೆ. ಲಾರಿಯವರು ರೀಸೋಲ್ ಮಾಡಿಸುವುದನ್ನು ನೋಡಿ ಕಾರಿಗೂ ಮಾಡಿಸಲು ಹೋಗಬೇಡಿ. ಲಾರಿ ಟಯರಿನ ಒಡಲು ಅದಕ್ಕೆಂದೇ ಗಟ್ಟಿಯಾಗಿರುತ್ತದೆ.

ಜಿ.ಎಸ್.ಟಿ. ಸಮೇತ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟಯರಿನ ತೆರಿಗೆ ಶೇಕಡ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 4000 ಇದ್ದರೆ ಒಂದು ಟಯರಿಗೆ 400 ರೂಪಾಯಿ ಉಳಿತಾಯ. ಅದು ನಿಮ್ಮ ಬಿಲ್ಲಿನಲ್ಲಿ ಕಾಣಬೇಕು. ಬಿಲ್ ಇಲ್ಲದೆ ವಾರಂಟಿಯೂ ಸಿಗದು. ಟಯರಿನ ಜೊತೆ ವಾಲ್ವ್ ಕೂಡ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್ ಮಾಡಿಸಿ. ಟ್ಯೂಬ್‌ಲೆಸ್ ಟಯರಿಗೆ ಜಾಲಿ ಮುಳ್ಳಿನ ಭಯಕ್ಕೆ ಒಳಗೆ ಟ್ಯೂಬ್ ತುರುಕಿಸುವುದು ಬೇಡ. ಎರಡರ ಉಜ್ಜಾಟದಿಂದ ಶಾಖ ಇನ್ನೂ ಹೆಚ್ಚುತ್ತದೆ. ನೈಟ್ರೋಜನ್ ತುಂಬಿಸುತ್ತೇನೆ ಎಂದು ಹೆಚ್ಚು ದುಡ್ಡು ಕೇಳಿದರೆ, ನಾವು ಉಸಿರಾಡುವ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಪುಕ್ಕಟೆ ಇದೆ ಎಂಬುದು ನೆನಪಿರಲಿ. ಅದರಿಂದ ಕೆಡುಕಿಲ್ಲ, ಆದರೆ ತಿಂಗಳಿಗೊಮ್ಮೆ ಮೀಟರ್ ಹಿಡಿದು ನೋಡುವುದಕ್ಕೆ ಅದು ಬದಲಿಯಲ್ಲ. ಕಣ್ಣಳತೆಯಂತೂ ನಡೆಯದು, ರೇಡಿಯಲ್ ಟಯರ್ ಸರಿಯಾದ ಗಾಳಿಯಲ್ಲೂ ಕೆಳಗೆ ಸ್ವಲ್ಪ ಉಬ್ಬಿಯೇ ಕಾಣುತ್ತದೆ.

ಸ್ಟೆಪ್ನಿಯ ಮಾತು ಉಳಿಯಿತು. 2020ರ ತಿದ್ದುಪಡಿಯ ನಂತರ, ಟ್ಯೂಬ್‌ಲೆಸ್ ಟಯರ್, ಗಾಳಿಯ ಒತ್ತಡ ತಿಳಿಸುವ ಯಂತ್ರ ಮತ್ತು ದುರಸ್ತಿ ಸಾಮಾನು ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಪೇಟೆಯವರಿಗೆ ಅದು ಸರಿ. ರಾತ್ರಿ ಹತ್ತರ ನಂತರ ಜೇವರ್ಗಿಯಿಂದಾಚೆ ಅಥವಾ ಆಳಂದದ ಗಡಿ ಹಳ್ಳಿಗಳ ಕಡೆ ಪಕ್ಕೆ ಹರಿದ ಟಯರಿಗೆ ಯಾವ ಅಂಟೂ ಕೆಲಸ ಮಾಡದು. ನಮಗೆ ಸ್ಟೆಪ್ನಿ ಬೇಕೇ ಬೇಕು. ಅದರ ಹುಟ್ಟಿದ ವಾರವನ್ನೂ ನೋಡಿ. ಡಿಕ್ಕಿಯಲ್ಲಿ ಹತ್ತು ವರ್ಷ ಮಲಗಿದ, ನೆಲವನ್ನೇ ಕಾಣದ 'ಹೊಸ' ಸ್ಟೆಪ್ನಿಗಳು ನಮ್ಮ ಕಾರುಗಳಲ್ಲಿ ಬೇಕಾದಷ್ಟಿವೆ. ಹೊಸ ಟಯರುಗಳು ಮೊದಲ ಇನ್ನೂರು, ಮುನ್ನೂರು ಕಿ.ಮೀ. ಸ್ವಲ್ಪ ಜಾರುತ್ತವೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಪದಾರ್ಥ ಇನ್ನೂ ಮೈಮೇಲಿರುತ್ತದೆ. ಅಷ್ಟು ದೂರ ನಿಧಾನವಾಗಿ ಓಡಿಸಿ, ಐವತ್ತು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿಕೊಳ್ಳಿ.